ಊ ವರ್ಗದ ಏಕೈಕ ದಂಪತಿ

ಗ್ರಂಥಪಾಲಕರ ಸಂಘಕ್ಕೂ ಮಾಹಿತಿ ತಜ್ಞರ ಪರಿಷತ್ತಿಗೂ ಮೂವತ್ತೊಂದು ವರ್ಷ ಮಾತುಕತೆ ಇರಲಿಲ್ಲ. ಸಂಘದವರ ಪ್ರಕಾರ ಪರಿಷತ್ತಿನವರು ಪುಸ್ತಕ ಮುಟ್ಟದೆ ಪುಸ್ತಕದ ವಿಚಾರ ಮಾತಾಡುವವರು. ಪರಿಷತ್ತಿನವರ ಪ್ರಕಾರ ಸಂಘದವರು ಧೂಳು ಒರೆಸುವುದನ್ನೇ ವಿದ್ಯೆ ಅಂದುಕೊಂಡವರು. ಎರಡರ ಕಚೇರಿಯೂ ಒಂದೇ ಬೀದಿಯಲ್ಲಿ. ಎದುರಾದರೆ ಯಾರಾದರೂ ಒಬ್ಬರು ಆಚೆ ಬದಿಗೆ ದಾಟುತ್ತಿದ್ದರು. ಕೊನೆಗೆ ಎರಡು ಕಡೆಯೂ ಸದಸ್ಯರು ಕರಗುತ್ತ ಬಂದು, ವಾರ್ಷಿಕ ಸಭೆಯಲ್ಲಿ ಕೆಳಗೆ ಕೂತವರಿಗಿಂತ ವೇದಿಕೆ ಮೇಲಿನವರೇ ಹೆಚ್ಚಾದಾಗ, ಎರಡನ್ನೂ ಕೂಡಿಸಿಬಿಡುವುದೆಂದು ತೀರ್ಮಾನವಾಯಿತು.

ಹೊಸ ಹೆಸರಿನಲ್ಲಿ ಯಾರು ಮೊದಲು ಬರಬೇಕು ಎನ್ನುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಸದಸ್ಯರನ್ನು ವರ್ಗಗಳಾಗಿ ವಿಂಗಡಿಸುವುದಕ್ಕೆ ಇನ್ನೊಂದು ಏಳು ತಿಂಗಳು. ಗೌರವ ಸದಸ್ಯರು ಅ ವರ್ಗ, ಪೂರ್ಣ ಸದಸ್ಯರು ಆ ವರ್ಗ, ಸಹ ಸದಸ್ಯರು ಇ, ವಿದ್ಯಾರ್ಥಿಗಳು ಈ, ನಿವೃತ್ತರು ಉ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ವರ್ಗೀಕರಣವೇ ಕಸುಬಾದ ಆರು ಜನ ಒಂದು ಮೇಜಿನ ಸುತ್ತ ಕೂತ ಮೇಲೆ ಐದಕ್ಕೆ ನಿಲ್ಲುವುದುಂಟೆ? ಊ ವರ್ಗ ಅಂತಲೂ ಒಂದನ್ನು ಮಾಡಿದರು. ಒಂದೇ ಮನೆಯಲ್ಲಿರುವ ಗಂಡ ಹೆಂಡತಿ ಇಬ್ಬರೂ ಸದಸ್ಯರಾಗಿದ್ದರೆ ಅವರನ್ನು ಕೂಡಿಸಿ ಒಂದು ಎಂದು ಎಣಿಸತಕ್ಕದ್ದು. ಇಬ್ಬರಲ್ಲಿ ಯಾರಾದರೊಬ್ಬರು ತುಂಬಿದ ಅರ್ಜಿ ಸಾಕು. ಅವರಿಗೆ ಒಂದು ಕಾರ್ಡು, ಒಂದು ಪತ್ರಿಕೆ, ಒಂದು ಮತ.

ಈ ಊ ವರ್ಗವೇ ನಮ್ಮ ಗ್ರಂಥಪಾಲಕನ ಕುತ್ತಿಗೆಗೆ ಬಂದದ್ದು.

ಅವನು ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದ. ವಯಸ್ಸು ಐವತ್ತಮೂರು. ಯಾರಿಗೂ ಕೆಡುಕು ಬಯಸಿದವನಲ್ಲ, ಯಾರ ಮೇಲೂ ದನಿ ಎತ್ತಿದವನಲ್ಲ. ಒಂದೇ ಒಂದು ರೋಗವಿತ್ತು. ಯಾರು ಏನು ಕೇಳಿದರೂ ‘ನೋಡಿ ಹೇಳ್ತೀನಿ’ ಅನ್ನುತ್ತಿದ್ದ. ಕೇಳಿದ್ದು ಪುಸ್ತಕವಾದರೆ ನಿಜಕ್ಕೂ ನೋಡಿ ಹೇಳುತ್ತಿದ್ದ, ಎರಡನೆಯ ದಿನವೋ ನಾಲ್ಕನೆಯ ದಿನವೋ. ಕೇಳಿದ್ದು ಬೇರೆಯಾದರೆ ನೋಡುತ್ತಲೇ ಇರುತ್ತಿದ್ದ.

ಹೆಂಡತಿ ಮನೆ ಬಿಟ್ಟು ಆರು ವರ್ಷವಾಗಿತ್ತು. ಅವಳು ಔಷಧ ಸಂಶೋಧನಾಲಯವೊಂದರಲ್ಲಿ ಮಾಹಿತಿ ತಜ್ಞೆ. ಜಗಳವಿಲ್ಲ, ಕೋರ್ಟಿಲ್ಲ, ಪಾತ್ರೆ ಎಸೆದದ್ದಿಲ್ಲ. ಒಂದು ಭಾನುವಾರ ಎರಡು ಸೂಟ್‌ಕೇಸ್ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು, ಅಷ್ಟೆ. ಅದೇ ಊರಿನಲ್ಲಿ, ಅದೇ ಬಸ್ಸಿನ ದಾರಿಯಲ್ಲಿ, ಒಂಬತ್ತು ನಿಲ್ದಾಣದಾಚೆ ಮನೆ ಮಾಡಿಕೊಂಡಳು. ಅವಳು ಇಳಿದು ಹೋದ ಹತ್ತು ನಿಮಿಷಕ್ಕೆ ಎದುರು ಮನೆಯ ಬಾಗಿಲು ತೆರೆಯಿತು. ಅದು ನಿವೃತ್ತ ರೈಲ್ವೆ ಗಾರ್ಡ್ ಒಬ್ಬರ ಮನೆ. ಅವರ ಹೆಂಡತಿಯನ್ನು ಕಟ್ಟಡದವರೆಲ್ಲ ಗಾರ್ಡಮ್ಮ ಅನ್ನುತ್ತಿದ್ದರು. ಗಾರ್ಡಮ್ಮ ಕೇಳಿದರು, “ಏನ್ ಲೈಬ್ರರಿಯವರೇ, ಮನೆಯವರು ಎಲ್ಲಿಗೋ ಹೊರಟಂಗಿತ್ತು?”

ಈ ಪ್ರಶ್ನೆಗೆ ಮಾತ್ರ ಅವನು ನೋಡಿ ಹೇಳ್ತೀನಿ ಅನ್ನಲಿಲ್ಲ. ಬಾಯಿ ತನ್ನಷ್ಟಕ್ಕೇ “ಡೆಪ್ಯುಟೇಷನ್” ಅಂದುಬಿಟ್ಟಿತು.

“ಎಷ್ಟು ದಿನ?”

“ಮೂರು ತಿಂಗಳು.”

ಆರು ವರ್ಷದಲ್ಲಿ ಆ ಡೆಪ್ಯುಟೇಷನ್ ಇಪ್ಪತ್ತಮೂರು ಸಲ ವಿಸ್ತರಣೆಯಾಗಿತ್ತು. ಯಾವ ಇಲಾಖೆಯಲ್ಲೂ ಅಂಥ ದಾಖಲೆ ಇರಲಾರದು.

ಹೀಗಿರುವಾಗ ಕೂಡಿದ ಸಂಘದಿಂದ ಹೊಸ ಅರ್ಜಿ ಬಂತು. ಹಳೆಯ ಸದಸ್ಯರೆಲ್ಲ ಹೊಸದಾಗಿ ತುಂಬಿ ಕಳಿಸಬೇಕು, ಕೊನೆಯಲ್ಲಿ ಒಬ್ಬ ಸಾಕ್ಷಿಯ ಸಹಿ ಬೇಕು. ಸಾಕ್ಷಿ ಅಂದರೆ ಅವನಿಗೆ ಗಾರ್ಡ್ ಬಿಟ್ಟರೆ ಇನ್ನು ಯಾರು? ಅವನು ಹೋಗಿ ಕರೆತಂದ ಮೇಲೆ ಗಾರ್ಡ್ ಎದುರು ಕುರ್ಚಿಯಲ್ಲಿ ಕೂತರು, ಕನ್ನಡಕ ಹಾಕಿಕೊಂಡರು. ಮೂವತ್ತೈದು ವರ್ಷ ಕಣ್ಣಲ್ಲಿ ಕಾಣದೆ ಹಸಿರು ಬಾವುಟ ತೋರಿಸಿದವರಲ್ಲ. ಅರ್ಜಿಯ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿಸಿದರು. ಒಂಬತ್ತನೆಯ ಪ್ರಶ್ನೆ ಬಂತು: ‘ನಿಮ್ಮ ಪತಿ ಅಥವಾ ಪತ್ನಿ ಸಂಘದ ಇಲ್ಲವೇ ಪರಿಷತ್ತಿನ ಸದಸ್ಯರೇ? ಹೌದಾದರೆ, ನಿಮ್ಮೊಂದಿಗೆ ವಾಸವಿದ್ದಾರೆಯೇ?’

ಗ್ರಂಥಪಾಲಕನ ಪೆನ್ನು ನಿಂತಿತು.

“ಡೆಪ್ಯುಟೇಷನ್ ಮೇಲಿರೋರನ್ನ ವಾಸ ಇದಾರೆ ಅಂತಾರಾ, ಇಲ್ಲ ಅಂತಾರಾ?” ಅಂದರು ಗಾರ್ಡ್.

“ವಾಸ ಇಲ್ಲೇ ತಾನೇ. ಅಲ್ಲಿರೋದು ತಾತ್ಕಾಲಿಕ.”

“ಹಾಗಾದ್ರೆ ಹೌದು ಅಂತ ಹಾಕಿ.”

ಅವನು ಹೌದು ಅಂತ ಹಾಕಿದ. ಗಾರ್ಡ್ ಸಹಿ ಹಾಕಿ, ಸಹಿಯ ಕೆಳಗೆ ಗಂಟೆ, ನಿಮಿಷವನ್ನೂ ಬರೆದರು.

ಮೂರು ವಾರವಾದ ಮೇಲೆ ಅಂಚೆಯವನು ಒಂದು ದಪ್ಪ ಲಕೋಟೆ ತಂದ. ಗ್ರಂಥಪಾಲಕ ಕಾಲೇಜಿನಲ್ಲಿದ್ದ, ಲಕೋಟೆ ಗಾರ್ಡಮ್ಮನ ಕೈಗೆ ಹೋಯಿತು. ಸಂಜೆ ಅವನು ಬೀಗ ತೆಗೆಯುವ ಮುಂಚೆಯೇ ಅವರು ಹೊರಗೆ ಬಂದರು. ಲಕೋಟೆಯ ಮೇಲೆ ದಪ್ಪಕ್ಷರದಲ್ಲಿ ‘ದಂಪತಿ ಸದಸ್ಯರು’ ಎಂದು ಅಚ್ಚಾಗಿತ್ತು. ಒಳಗೆ ಒಂದು ಕಾರ್ಡು. ಕಾರ್ಡಿನಲ್ಲಿ ಎರಡು ಫೋಟೋ, ಎರಡೂ ಅವರವರು ಸದಸ್ಯರಾಗಿ ಸೇರಿದಾಗಿನವು. ಅವನಿಗೆ ಅದರಲ್ಲಿ ತಲೆತುಂಬ ಕೂದಲಿತ್ತು. ಅವಳು ಯಾರೋ ಈಗಷ್ಟೇ ತಮಾಷೆ ಮಾಡಿದ ಹಾಗೆ ತುಟಿ ಬಿಗಿಹಿಡಿದಿದ್ದಳು. ಕಾರ್ಡಿನ ಜೊತೆಗೆ ಸಂಘದ ಮೊದಲ ಸಂಚಿಕೆ. ಅದರ ಎರಡನೆಯ ಪುಟದಲ್ಲಿ ಅದೇ ಎರಡು ಫೋಟೋ ದೊಡ್ಡದಾಗಿ ಬಂದು, ಮೇಲೆ ತಲೆಬರಹ: ‘ವಿಲೀನಕ್ಕೆ ಮುಂಚೆಯೇ ವಿಲೀನಗೊಂಡವರು’. ಗಂಡ ಸಂಘದವರು, ಹೆಂಡತಿ ಪರಿಷತ್ತಿನವರು, ಊ ವರ್ಗದ ಏಕೈಕ ದಂಪತಿ. ಇವರೇ ನಮ್ಮ ಒಗ್ಗಟ್ಟಿನ ಜೀವಂತ ಲಾಂಛನ. ವಾರ್ಷಿಕ ಸಭೆಯಲ್ಲಿ ಇವರನ್ನು ವೇದಿಕೆಗೆ ಕರೆದು ಗೌರವಿಸಲಾಗುವುದು ಎಂದು ಅಧ್ಯಕ್ಷರು ಬರೆದಿದ್ದರು.

“ಡೆಪ್ಯುಟೇಷನ್ ಮುಗೀತು ಅನ್ನಿ,” ಅಂದರು ಗಾರ್ಡಮ್ಮ.

“ನೋಡಿ ಹೇಳ್ತೀನಿ,” ಅಂದ ಅವನು.

ಆ ಮಾತನ್ನು ಕಟ್ಟಡ ಹೌದು ಅಂತಲೇ ಓದಿಕೊಂಡಿತು. ಮೂರನೆಯ ಮಹಡಿಯ ಟೈಲರ್ ಮೆಟ್ಟಿಲಲ್ಲಿ ಸಿಕ್ಕಿ ಕೈ ಕುಲುಕಿದ. ಕೆಳಗಿನ ಇಸ್ತ್ರಿಯವನು ಇನ್ನು ಮೇಲೆ ಬಟ್ಟೆ ಜಾಸ್ತಿ ಬರಬಹುದಲ್ಲ ಅಂತ ಕೇಳಿದ. ನಿವಾಸಿಗಳ ಪಟ್ಟಿ ಬರೆಯುವ ಪುಣ್ಯಾತ್ಮ ಅವನ ಮನೆ ನಂಬರಿನ ಮುಂದೆ ಒಂದು ಅನ್ನುವುದನ್ನು ಹೊಡೆದು ಎರಡು ಅಂತ ತಿದ್ದಿದ, ಅವನನ್ನು ಕೇಳಲೂ ಇಲ್ಲ. ಗ್ರಂಥಪಾಲಕ ಕೆಳಗಿನ ಫಲಕದ ಮುಂದೆ ನಿಂತು ಆ ಎರಡನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೇಲೆ ಹೋಗಿ ಒಬ್ಬನಿಗೆ ಚಹಾ ಇಟ್ಟ.

ಭಾನುವಾರ ಬೆಳಗ್ಗೆ ಬಾಗಿಲ ಗಂಟೆ ಸದ್ದು ಮಾಡಿತು. ಯಾರದೋ ಮನೆಯ ಗಂಟೆ ಅಂದುಕೊಂಡು ಅವನು ಪೇಪರ್ ಓದುತ್ತಲೇ ಇದ್ದ. ಅವನ ಮನೆಯ ಗಂಟೆ ಬಾರಿಸಿ ನಾಲ್ಕು ತಿಂಗಳಾಗಿತ್ತು, ಅದರ ದನಿ ಮರೆತಿತ್ತು. ಮೂರನೆಯ ಸಲಕ್ಕೆ ಎದ್ದು ತೆಗೆದ. ಗಾರ್ಡ್ ಮತ್ತು ಗಾರ್ಡಮ್ಮ, ಇಬ್ಬರೂ ಇಸ್ತ್ರಿ ಬಟ್ಟೆಯಲ್ಲಿ. ಸರಿಯಾಗಿ ಅದೇ ಹೊತ್ತಿಗೆ ಫೋನೂ ಬಡಿದುಕೊಂಡಿತು. ಅವನು ಒಂದು ಕೈಯಲ್ಲಿ ಅವರನ್ನು ಒಳಗೆ ಕರೆಯುತ್ತ, ಇನ್ನೊಂದು ಕೈಯಲ್ಲಿ ಫೋನೆತ್ತಿದ. ಅಕ್ಕ. ಅಕ್ಕನ ಗಂಟಲಿಗೆ ಫೋನೇ ಬೇಕಾಗಿರಲಿಲ್ಲ. ಅವಳ ಮಾತು ಕೋಣೆ ತುಂಬ ಕೇಳುತ್ತಿತ್ತು.

“ಏನೋ, ಒಂದಾದ್ರಂತೆ? ನಮ್ಮ ಬೀದಿ ಸ್ಕೂಲಿನ ಲೈಬ್ರರಿ ಟೀಚರ್ ಪತ್ರಿಕೆ ತಂದು ತೋರ್ಸಿದ್ಲು. ಒಡಹುಟ್ಟಿದೋಳಿಗೆ ಹೇಳೋಕೆ ಏನಾಗಿತ್ತು ನಿಂಗೆ?”

“ಅಕ್ಕ, ಆಮೇಲೆ ಮಾಡ್ತೀನಿ.”

“ಆಮೇಲೆ ಗೀಮೇಲೆ ಬೇಡ. ಅವಳಿಗೆ ಫೋನ್ ಕೊಡು.”

ಗಾರ್ಡ್ ಕೂರಲೋ ಬೇಡವೋ ಅಂತ ನಿಂತಿದ್ದರು. ಗಾರ್ಡಮ್ಮ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು. ಗ್ರಂಥಪಾಲಕ “ಸ್ನಾನಕ್ಕೆ ಹೋಗಿದಾಳೆ,” ಅಂದು ಫೋನ್ ಇಟ್ಟ.

“ಪರವಾಗಿಲ್ಲ, ಕಾಯ್ತೀವಿ,” ಅಂದು ಗಾರ್ಡ್ ಕೂತುಬಿಟ್ಟರು.

ಸ್ನಾನ ಅಂದ ಮೇಲೆ ನೀರಿನ ಸದ್ದು ಬೇಕಲ್ಲ. ಅವನು ಟವೆಲು ಕೊಟ್ಟು ಬರುವ ನೆಪದಲ್ಲಿ ಒಳಗೆ ಹೋದ. ಬಚ್ಚಲುಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ, ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತ. ಮೂವರೂ ನೀರು ಬೀಳುವ ಸದ್ದು ಕೇಳುತ್ತ ಕೂತರು. ಚಹಾ ಆಯಿತು, ಬಿಸ್ಕತ್ತು ಆಯಿತು. ಗಾರ್ಡ್ ಹವೆಯ ಬಗ್ಗೆ ಮಾತಾಡಿದರು. ಗಾರ್ಡಮ್ಮ ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. ಹತ್ತು ನಿಮಿಷ, ಹದಿನೈದು, ಇಪ್ಪತ್ತೈದು. ಗಾರ್ಡ್ ಅಂಗಿಯ ಜೇಬಿನಿಂದ ಗಡಿಯಾರ ತೆಗೆದು ನೋಡಿ ಮತ್ತೆ ಜೇಬಿಗಿಟ್ಟರು. ನೀರು ಮಾತ್ರ ಒಂದೇ ಹದದಲ್ಲಿ ಬೀಳುತ್ತಿತ್ತು; ಚೊಂಬು ಮುಳುಗಿಸುವವರಿಲ್ಲ, ಮೈ ಮೇಲೆ ಸುರಿದುಕೊಳ್ಳುವವರಿಲ್ಲ. ಮನುಷ್ಯರಿಲ್ಲದ ಸ್ನಾನ ಹೇಗಿರುತ್ತದೆ ಅನ್ನುವುದು ಕಿವಿಗೆ ಬಹಳ ಬೇಗ ಗೊತ್ತಾಗುತ್ತದೆ.

ನಲವತ್ತನೆಯ ನಿಮಿಷಕ್ಕೆ ಗಾರ್ಡಮ್ಮ ಎದ್ದರು. ಬಾಗಿಲ ತನಕ ಹೋಗಿ ತಿರುಗಿ, ತುಂಬ ಮೆತ್ತಗೆ ಹೇಳಿದರು: “ನಲ್ಲಿ ನಿಲ್ಲಿಸಿಬಿಡಿ ಲೈಬ್ರರಿಯವರೇ. ಟ್ಯಾಂಕ್ ಖಾಲಿಯಾಗುತ್ತೆ.”

ಅವನು ಹೋಗಿ ನಿಲ್ಲಿಸಿ ಬಂದ. ಮನೆಯಲ್ಲಿ ಇದ್ದಕ್ಕಿದ್ದಂತೆ ತುಂಬ ನಿಶ್ಶಬ್ದವಾಯಿತು.

“ನಿಮಗೆ ಗೊತ್ತಿತ್ತಾ?”

“ಗುರುವಾರ ಗುರುವಾರ ತರಕಾರಿ ಅಂಗಡಿ ಹತ್ರ ಸಿಗ್ತಾರೆ ಅವರು. ಐದು ವರ್ಷದಿಂದ.”

“ಏನಾದ್ರೂ ಕೇಳ್ತಾಳಾ?”

“ಹೋದ ತಿಂಗಳು ಕೇಳಿದ್ರು. ನಿಮ್ಮ ಹಲ್ಲುನೋವು ಕಡಿಮೆಯಾಯ್ತಾ ಅಂತ.”

ಅವನು ಗಾರ್ಡ್ ಕಡೆ ತಿರುಗಿದ. “ಮತ್ತೆ ನೀವು ಸಾಕ್ಷಿ ಹಾಕಿದ್ರಲ್ಲ ಸಾರ್?”

“ನೀವು ಬರೆದಿದ್ದಕ್ಕೆ ಸಾಕ್ಷಿ ಹಾಕಿದ್ದು,” ಅಂದರು ಗಾರ್ಡ್. “ನಿಜಕ್ಕಲ್ಲ.”

ಮಾರನೆಯ ದಿನ ಅವನು ರಜೆ ಹಾಕಿ ಸಂಘದ ಕಚೇರಿಗೆ ಹೋದ. ವಿಲೀನವಾದ ಮೇಲೆ ಎರಡು ಕಚೇರಿಯ ಸಾಮಾನೂ ಒಂದೇ ಕಡೆ ಬಂದು ಬಿದ್ದಿದ್ದರಿಂದ ಬೀರುಗಳ ಮಧ್ಯೆ ಅಡ್ಡಡ್ಡ ನಡೆಯಬೇಕಿತ್ತು. ಕೊನೆಯಲ್ಲಿ, ಎರಡು ಬೀರುಗಳ ಸಂದಿಯಲ್ಲಿ, ಸದಸ್ಯತ್ವ ವಿಭಾಗದ ಗುಮಾಸ್ತೆ ಕೂತಿದ್ದಳು.

“ನಮ್ಮನ್ನ ತಪ್ಪಾಗಿ ಊ ವರ್ಗಕ್ಕೆ ಹಾಕಿದ್ದೀರಿ. ಸರಿ ಮಾಡ್ಬೇಕು,” ಅಂದ.

ಅವಳು ಫೈಲು ತೆಗೆದಳು. “ಒಂಬತ್ತನೇ ಪ್ರಶ್ನೆಗೆ ಹೌದು ಅಂತಿದೆ. ಕೈಬರಹ ನಿಮ್ದೇ ತಾನೇ?”

“ನಂದೇ.”

“ಸಾಕ್ಷಿನೂ ಇದೆ. ಟೈಮ್ ಸಮೇತ.”

“ಅವರು ಸಾಕ್ಷಿ ಹಾಕಿದ್ದು ನಿಜಕ್ಕಲ್ಲ.”

ಗುಮಾಸ್ತೆ ಕುರ್ಚಿ ಮುಂದಕ್ಕೆಳೆದು ದನಿ ತಗ್ಗಿಸಿದಳು. “ನೋಡಿ ಸಾರ್, ನಾಲ್ಕು ನೂರ ಹನ್ನೆರಡು ಅರ್ಜಿ ಬಂದಿದೆ. ಅದರಲ್ಲಿ ಊ ವರ್ಗಕ್ಕೆ ನೀವಿಬ್ಬರೇ. ನೀವು ಹೋದ್ರೆ ಊನಲ್ಲಿ ಯಾರೂ ಇರಲ್ಲ. ಊ ವರ್ಗಕ್ಕೆ ಅಂತಲೇ ಅಧ್ಯಕ್ಷರು ಉಪಸಮಿತಿ ಮಾಡಿದಾರೆ. ನಿಮ್ಮ ಮೇಲೆ ಭಾಷಣ ಬರೆದು ಬೈಹಾರ್ಟ್ ಬೇರೆ ಮಾಡ್ತಿದಾರೆ. ಸ್ವಲ್ಪ ದಿನ ಇರಬಾರದಾ?”

“ಇರೋಕೆ ಅವಳು ಇರಬೇಕಲ್ಲಮ್ಮ.”

ಇದನ್ನು ಅವನು ಯಾರೆದುರಿಗೂ ಇಷ್ಟು ಸಲೀಸಾಗಿ ಹೇಳಿರಲಿಲ್ಲ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಗಿ, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ಗುಮಾಸ್ತೆ ಡ್ರಾಯರ್ ಎಳೆದು ಒಂದು ಹಾಳೆ ಕೊಟ್ಟಳು. ‘ಜಂಟಿ ಸದಸ್ಯತ್ವದ ವಿಭಜನೆಗಾಗಿ ಅರ್ಜಿ.’

“ಸೇರಿಸೋದು ನಮ್ಮ ಕೈಲಿದೆ, ಬಿಡಿಸೋಕೆ ಇಬ್ಬರ ಸಹಿನೂ ಬೇಕು. ಇಲ್ಲಿ ಕೆಳಗೆ, ಬೇರೆಯಾಗಲು ಕಾರಣ ಅಂತಿದೆ. ನಲವತ್ತು ಪದ ಮೀರಬಾರದು.”

ನಲವತ್ತು ಪದ. ಆರು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅಕ್ಕ ಕೇಳಲಿಲ್ಲ, ತನಗೆ ಉತ್ತರ ಗೊತ್ತು ಅಂತ ಅವಳ ನಂಬಿಕೆ. ಸಹೋದ್ಯೋಗಿಗಳು ಕೇಳಲಿಲ್ಲ, ಅದು ಮರ್ಯಾದೆ. ಅವನೂ ತನ್ನನ್ನು ಕೇಳಿಕೊಂಡಿರಲಿಲ್ಲ.

ಅವತ್ತು ಮಧ್ಯಾಹ್ನವೇ ಹೆಂಡತಿಯ ಫೋನ್ ಬಂತು. ಎರಡು ವರ್ಷದಲ್ಲಿ ಮೊದಲನೆಯದು. “ನಮ್ಮ ಕ್ಯಾಂಟೀನಿಗೆ ಬನ್ನಿ. ನಾಲ್ಕಕ್ಕೆ,” ಅಂದಳು. ನೋಡಿ ಹೇಳ್ತೀನಿ ಅನ್ನುವಷ್ಟರಲ್ಲಿ ಇಟ್ಟುಬಿಟ್ಟಿದ್ದಳು.

ಸಂಶೋಧನಾಲಯದ ಕ್ಯಾಂಟೀನಿನಲ್ಲಿ ಎಲ್ಲವೂ ಬಿಳಿ: ಮೇಜು ಬಿಳಿ, ಗೋಡೆ ಬಿಳಿ, ಕೂತವರ ಕೋಟೂ ಬಿಳಿ. ಅವಳು ಕೂದಲು ಗಿಡ್ಡ ಮಾಡಿಸಿದ್ದಳು. ಕನ್ನಡಕ ಹೊಸದು. ಅವನು ಕೂತು ಇನ್ನೂ ಚಹಾದ ಲೋಟ ಮುಟ್ಟಿರಲಿಲ್ಲ, ಅವಳು ಒಂದು ಕಾಗದ ಮುಂದೆ ತಳ್ಳಿದಳು. ಅವಳು ಹೊಸ ಸಂಘದ ಕಾರ್ಯಕಾರಿ ಸಮಿತಿಗೆ ಸ್ಪರ್ಧಿಸಲು ನಾಮಪತ್ರ ಹಾಕಿದ್ದಳು. ಅದು ವಾಪಸು ಬಂದಿತ್ತು: ‘ಊ ವರ್ಗದವರಲ್ಲಿ ಒಬ್ಬರು ಸ್ಪರ್ಧಿಸುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ಲಗತ್ತಿಸತಕ್ಕದ್ದು.’

“ನಾನು ನಿಮ್ಮ ಜೊತೆ ವಾಸ ಇದೀನಿ ಅಂತ ನೀವೇ ಬರೆದು ಕೊಟ್ರಾ?”

“ಗಾರ್ಡ್ ಎದುರಿಗೆ ಕೂತಿದ್ರು.”

“ಅವರು ಕೂತಿದ್ರೆ?”

“ಅವರಿಗೆ ಡೆಪ್ಯುಟೇಷನ್ ಅಂತ ಹೇಳಿದ್ದೆ.”

“ಆರು ವರ್ಷದ ಡೆಪ್ಯುಟೇಷನ್ನಾ?” ಅವಳು ಗದರಲೆಂದೇ ಬಾಯಿ ತೆರೆದಿದ್ದಳು, ಆದರೆ ನಗು ಬಂದು ಅಡ್ಡ ನಿಂತಿತು. ಅದನ್ನು ತುಟಿ ಬಿಗಿದು ತಡೆದಳು. “ಶುಕ್ರವಾರ ಐದು ಗಂಟೆಗೆ ನಾಮಪತ್ರ ಮುಗಿಯುತ್ತೆ. ಅಷ್ಟರೊಳಗೆ ಇದು ಸರಿಯಾಗ್ಬೇಕು.”

ಅವನು ವಿಭಜನೆಯ ಅರ್ಜಿ ತೆಗೆದು ಮೇಜಿನ ಮೇಲಿಟ್ಟ. ಅವಳು ನೋಡಿದವಳೇ ಸಹಿ ಹಾಕಲು ಪೆನ್ನು ತೆಗೆದಳು. ಅವನಿಗೆ ಒಂದು ಮಾತು ಕೇಳಬೇಕಿತ್ತು. ಪರಿಷತ್ತಿನ ಮಾಸಪತ್ರಿಕೆ ಆರು ವರ್ಷದಿಂದಲೂ ಅವಳ ಹೆಸರಿಗೆ ಅವನ ಮನೆಗೇ ಬರುತ್ತಿತ್ತು. ಪೂರ್ತಿ ಹೋದವರಾದರೆ ವಿಳಾಸ ಬದಲಾಯಿಸುತ್ತಾರೆ ಅಂತ ಅವನ ಲೆಕ್ಕ. ಒಂದೊಂದು ಸಂಚಿಕೆಯನ್ನೂ ತಿಂಗಳ ಪ್ರಕಾರ ಜೋಡಿಸಿ ಅವಳ ಬೀರುವಿನಲ್ಲಿಟ್ಟಿದ್ದ.

“ಪರಿಷತ್ತಿಗೆ ನೀನು ಹೊಸ ವಿಳಾಸ ಕೊಡ್ಲೇ ಇಲ್ಲ,” ಅಂದ. “ಯಾಕೆ?”

“ಮರೆತೆ.”

“ಮರೆತೆಯಾ?”

“ಆ ಪತ್ರಿಕೆ ನಾನು ಓದ್ತಾನೇ ಇರ್ಲಿಲ್ಲ. ಇನ್ನೂ ಬರ್ತಿದೆಯಾ ಅದು?”

“ಬರ್ತಿದೆ,” ಅಂದ ಅವನು. ಚಹಾ ಕುಡಿದ. ಆರಿಹೋಗಿತ್ತು.

ಕಾರಣದ ಜಾಗ ಖಾಲಿ ಇತ್ತು. “ವಿಳಾಸ ಬದಲಾವಣೆ ಅಂತ ಬರೀರಿ, ಸಾಕು,” ಅಂದಳು ಅವಳು.

“ಅದು ಕಾರಣ ಅಲ್ಲ. ಅದು ಆಮೇಲೆ ಆಗಿದ್ದು.”

“ಹಾಗಾದ್ರೆ ಕಾರಣ ಬರೀರಿ.”

“ನಂಗೆ ಗೊತ್ತಿಲ್ಲ.”

ಅವಳು ಪೆನ್ನು ಕೆಳಗಿಟ್ಟಳು. ಪಕ್ಕದ ಮೇಜಿನ ಬಿಳಿ ಕೋಟಿನವರು ಎದ್ದು ಹೋದರು. ಅವರು ಹೋಗುವ ತನಕ ಅವಳು ಕಾದಳು.

“ಇಲ್ಲಿ ಬೆಳಗ್ಗೆ ಒಬ್ಬರು ಪ್ರಶ್ನೆ ಕಳಿಸಿದ್ರೆ ಸಂಜೆ ಐದರೊಳಗೆ ನಾನು ಉತ್ತರ ಕೊಡ್ಬೇಕು. ಗೊತ್ತಿಲ್ಲ ಅನ್ನೋದೂ ಉತ್ತರಾನೇ, ಅದನ್ನಾದ್ರೂ ಹೇಳ್ಬೇಕು. ಮನೆಗೆ ಬಂದು ನಾನು ಕೇಳಿದ್ದಕ್ಕೆಲ್ಲ ನೀವು ನೋಡಿ ಹೇಳ್ತೀನಿ ಅಂತಿದ್ರಿ. ಅಮ್ಮನ್ನ ನಮ್ಮ ಜೊತೆ ಇಟ್ಕೊಳೋಣ್ವಾ ಅಂದೆ. ನೋಡಿ ಹೇಳ್ತೀನಿ ಅಂದ್ರಿ. ಅಮ್ಮ ಹೋಗಿಬಿಟ್ರು. ಒಂದು ಮಗು ದತ್ತು ತಗೊಳೋಣ್ವಾ ಅಂದೆ.”

“ನೋಡ್ತಿದ್ದೆ ಅದನ್ನ.”

“ಏನ್ ನೋಡ್ತಿದ್ರಿ?”

“ಅದರ ಬಗ್ಗೆ ಪುಸ್ತಕ. ಹದಿನಾಲ್ಕು ಪುಸ್ತಕ ಓದಿದೆ. ಟಿಪ್ಪಣಿ ಮಾಡಿಟ್ಟಿದೀನಿ.”

ಅವಳು ಅವನನ್ನೇ ನೋಡುತ್ತಿದ್ದಳು. “ನಂಗೆ ಹೇಳ್ಲೇ ಇಲ್ಲ ನೀವು.”

“ಹದಿನೈದನೇದು ಒಂದಿತ್ತು. ಬೇರೆ ಗ್ರಂಥಾಲಯದಿಂದ ಬರ್ಬೇಕಿತ್ತು. ಅದನ್ನೂ ನೋಡಿ ಹೇಳೋಣ ಅಂತ.”

“ಬಂತಾ?”

“ಇಲ್ಲ.”

ಅವಳು ಮತ್ತೆ ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. “ಕೊನೇಗೆ, ನಾನು ಹೋಗ್ಲಾ ಅಂತ ಕೇಳಿದೆ. ನೆನಪಿದೆಯಾ?”

ಅವನಿಗೆ ನೆನಪಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದಳು.

“ಅದಕ್ಕೂ ನೋಡಿ ಹೇಳ್ತೀನಿ ಅಂದ್ರಿ. ಮೂರು ವಾರ ಕಾದೆ ನಾನು.”

ಆ ಮೂರು ವಾರ ಅವನು 'ಬೇಡ' ಅನ್ನುವುದನ್ನು ಯಾವ ಮಾತಿನಲ್ಲಿ ಹೇಳಬೇಕೆಂದು ಯೋಚಿಸುತ್ತಿದ್ದ. ಹೇಳಬೇಕಾದ್ದು ಒಂದೇ ಪದ. ಆ ಪ್ರಶ್ನೆಗೆ ಕೊನೆಯ ದಿನಾಂಕ ಇರಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಇದನ್ನು ಈಗ ಹೇಳಿ ಪ್ರಯೋಜನವಿಲ್ಲ ಅಂತ ಅವನಿಗೆ ಗೊತ್ತಿತ್ತು. ಆದರೂ ಹೇಳಿದ. ಅವಳು ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

ಅವನು ಅರ್ಜಿ ತನ್ನ ಕಡೆ ಎಳೆದುಕೊಂಡು ಕಾರಣದ ಜಾಗದಲ್ಲಿ ಬರೆದ: ‘ಉತ್ತರ ತಡವಾದ್ದರಿಂದ.’ ಎರಡೇ ಪದ, ಮೂವತ್ತೆಂಟು ಮಿಕ್ಕವು. ಅವಳು ಅದನ್ನು ಎರಡು ಸಲ ಓದಿ ಸಹಿ ಹಾಕಿದಳು. ಅವನೂ ಹಾಕಿದ. ಹಿಂದೆ ಒಮ್ಮೆ ಅವರಿಬ್ಬರೂ ಒಂದೇ ಹಾಳೆಯಲ್ಲಿ ಹೀಗೆ ಪಕ್ಕಪಕ್ಕ ಸಹಿ ಹಾಕಿದ್ದು ಮದುವೆಯ ನೋಂದಣಿಯಲ್ಲಿ. ಅವತ್ತು ಅವನ ಪೆನ್ನು ಬರೆಯದೆ ಅವಳ ಪೆನ್ನು ಕೇಳಿದ್ದ. ಇವತ್ತು ಅವರವರ ಪೆನ್ನು ಅವರವರ ಹತ್ತಿರವೇ ಇತ್ತು.

ಅಲ್ಲಿಂದ ನೇರ ಸಂಘದ ಕಚೇರಿಗೆ ಹೋದ. ಬಾಗಿಲು ಹಾಕುತ್ತಿದ್ದವರನ್ನು ತಡೆದು ಒಳಗೆ ನುಗ್ಗಿದ. ಗುಮಾಸ್ತೆ ಕಾರಣವನ್ನು ಓದಿ ತಲೆಯಾಡಿಸಿದಳು.

“ಇದು ಪಟ್ಟಿಯಲ್ಲಿಲ್ಲ ಸಾರ್. ಕಾರಣ ಮೂರೇ. ಮರಣ, ವೃತ್ತಿ ಬಿಟ್ಟಿದ್ದು, ವಿಳಾಸ ಬದಲಾವಣೆ. ನಿಮ್ಮಲ್ಲಿ ಯಾರಾದ್ರೂ ಹೋಗಿದಾರಾ?”

“ಇಲ್ಲ.”

“ವೃತ್ತಿ ಬಿಟ್ರಾ?”

“ಇಲ್ಲ.”

“ಉತ್ತರ ತಡ ಅಂದ್ರೆ ಅಂಚೆ ತಡ. ಅಂಚೆ ತಡ ಅಂದ್ರೆ ವಿಳಾಸದ ತೊಂದರೆ. ವಿಳಾಸಕ್ಕೇ ಹಾಕ್ತೀನಿ,” ಅಂದು ಮೊಹರು ಒತ್ತಿದಳು. ಒತ್ತಿದ ಮೇಲೆ ಫೈಲಿನ ಬೆನ್ನ ಮೇಲಿದ್ದ ಊ ಅಕ್ಷರವನ್ನು ಸ್ವಲ್ಪ ಹೊತ್ತು ನೋಡಿ, “ಅಧ್ಯಕ್ಷರಿಗೆ ನಾನು ಹೆಂಗೆ ಹೇಳ್ಲಿ,” ಅಂತ ತನ್ನಷ್ಟಕ್ಕೆ ಅಂದುಕೊಂಡಳು.

ಅಧ್ಯಕ್ಷರಿಗೆ ಹೇಗೆ ಹೇಳಿದಳೋ, ವಾರ್ಷಿಕ ಸಭೆಯಲ್ಲಿ ಅವರ ಮುಖ ಗಂಟಿಕ್ಕಿತ್ತು. ಬಾಯಿಪಾಠ ಮಾಡಿದ್ದ ಭಾಷಣ ದಂಡವಾಗಿ, ಅದರ ಜಾಗದಲ್ಲಿ ಒಗ್ಗಟ್ಟಿನ ಲಾಂಛನವಾಗಿ ಹೊಸ ಬೀರುಗಳ ಬಗ್ಗೆ ಮಾತಾಡಿದರು. ವರದಿ ಓದುವಾಗ ಅ ವರ್ಗ ಹನ್ನೊಂದು, ಆ ವರ್ಗ ಇನ್ನೂರ ತೊಂಬತ್ತು ಎನ್ನುತ್ತ ಬಂದು, “ಊ ವರ್ಗ, ಇಲ್ಲ,” ಅಂದು ನೀರು ಕುಡಿದರು. ಗ್ರಂಥಪಾಲಕ ಹಿಂದಿನಿಂದ ಮೂರನೆಯ ಸಾಲಿನಲ್ಲಿದ್ದ. ಅವನ ಅಕ್ಕಪಕ್ಕದ ಕುರ್ಚಿಗಳಲ್ಲಿ ಯಾರದೋ ಚೀಲ, ಯಾರದೋ ಕೊಡೆ. ಮತ ಹಾಕಲು ಕರೆದಾಗ ಎದ್ದು ಹೋಗಿ ಹಾಕಿದ. ಯಾರಿಗೆ ಎಂದು ಯೋಚಿಸುವಂಥದ್ದೇನೂ ಇರಲಿಲ್ಲ, ಮೊದಲು ಹಾಕಿ ಬಂದವರಲ್ಲಿ ಅವನೂ ಒಬ್ಬ. ಎಣಿಕೆಯಾಗಿ ಅವಳು ಏಳು ಮತದಿಂದ ಗೆದ್ದಳು.

ಚಹಾದ ಹೊತ್ತಿಗೆ ಅವಳ ಸುತ್ತ ಜನ. ನಡುವೆ ನಿಂತು ಅವಳು ನಗುತ್ತ, ಒಬ್ಬೊಬ್ಬರಿಗೂ ಆಗಿಂದಾಗಲೇ ಉತ್ತರ ಕೊಡುತ್ತಿದ್ದಳು. ಅವನು ಕಿಟಕಿಯ ಹತ್ತಿರ ಲೋಟ ಹಿಡಿದು ನಿಂತಿದ್ದ. ಪಕ್ಕದ ಬಾಗಿಲಿಂದ ಇಳಿದರೆ ಬಸ್ ನಿಲ್ದಾಣ ಹತ್ತಿರ. ಲೋಟ ಎಲ್ಲಿಡಲಿ ಅಂತ ಹುಡುಕುತ್ತಿದ್ದಾಗ ಅವಳ ದನಿ ಕೇಳಿತು.

“ಇಲ್ಲಿ ಬನ್ನಿ ಸ್ವಲ್ಪ.”

ಹೋದ. ಅವಳ ಜೊತೆ ಸಂಶೋಧನಾಲಯಕ್ಕೆ ಹೊಸದಾಗಿ ಸೇರಿದ ಹೆಂಗಸೊಬ್ಬಳಿದ್ದಳು, ಕೈಯಲ್ಲಿ ಬಿಸ್ಕತ್ತು. “ಇವರು ಯಾರು ಮೇಡಂ?” ಅಂದಳು.

ಅವಳು ಬಾಯಿ ತೆರೆದಳು. ಯಾವ ಪದವೂ ಬರಲಿಲ್ಲ. ಅವನಿಗೆ ಮೊದಲ ಸಲ ಅವಳ ಕಷ್ಟ ಕಣ್ಣಿಗೆ ಕಂಡಿತು. ಇಷ್ಟು ವರ್ಷ ಅವನಿಗೆ ಡೆಪ್ಯುಟೇಷನ್ ಇತ್ತು, ಅವಳಿಗೆ ಹೇಳಲು ಅದೂ ಇರಲಿಲ್ಲ. ಕೊನೆಗೆ ಅವಳು ಹೇಳಿದಳು: “ಇವರು ನಮ್ಮ ಸಂಘದವರು.”

“ಓಹೋ. ಮೊದಲು ಯಾವ ಕಡೆ ಇದ್ರಿ ಸಾರ್?”

“ಗ್ರಂಥಪಾಲಕರ ಕಡೆ,” ಅಂದ.

“ಹಾಗಾದ್ರೆ ನಿಮ್ಮಿಬ್ಬರಿಗೂ ಮುಂಚೆ ಪರಿಚಯ ಇರೋಕೆ ಸಾಧ್ಯವಿಲ್ಲ ಬಿಡಿ. ಎರಡೂ ಕಡೆಯವರು ಮಾತೇ ಆಡ್ತಿರ್ಲಿಲ್ವಂತೆ.”

ಹೆಂಡತಿ ಅವನ ಮುಖ ನೋಡಿದಳು.

“ಇತ್ತು,” ಅಂದ ಅವನು. “ಹೆಚ್ಚು ಇರ್ಲಿಲ್ಲ.”

ಬಿಸ್ಕತ್ತಿನ ಹೆಂಗಸು ಅದನ್ನು ತಮಾಷೆಯೆಂದೇ ತೆಗೆದುಕೊಂಡು ನಕ್ಕಳು, ಇನ್ಯಾರನ್ನೋ ಕಂಡು ಆಚೆ ಹೋದಳು. ಅವರಿಬ್ಬರೂ ಒಂದೆರಡು ನಿಮಿಷ ಹಾಗೇ ನಿಂತಿದ್ದರು, ಒಂದೇ ಸಂಘದ ಇಬ್ಬರು ಪೂರ್ಣ ಸದಸ್ಯರು ನಿಲ್ಲುವಷ್ಟು ದೂರದಲ್ಲಿ. ಅವನ ಕೈಯಲ್ಲಿ ಖಾಲಿ ಲೋಟ ಹಾಗೇ ಇತ್ತು. ಅವಳು ಅದನ್ನು ತೆಗೆದುಕೊಂಡು ತನ್ನ ಲೋಟದೊಳಗೆ ಸೇರಿಸಿ, ದೂರದ ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಸಮಿತಿಯವರು ಕರೆದರು, ಹೋದಳು.